ಒಂದು ಕೆನ್ನೆಯ ಗಡ್ಡ

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಕನ್ನಡಕದ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಎಂಟಡಿ ಅಗಲದ ಮಳಿಗೆಯಲ್ಲಿ ಕೂತು ಮೂವತ್ತೊಂದು ವರ್ಷದಿಂದ ಶೇವರ್ ರಿಪೇರಿ ಮಾಡುತ್ತಿದ್ದವರನ್ನು ಊರವರೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಕೆಟ್ಟ ಮಿಷನ್ ಹಿಡಿದು ಅವರ ಮೆಟ್ಟಿಲು ಹತ್ತಿದವನು ಬೈಸಿಕೊಳ್ಳದೆ ಇಳಿದದ್ದನ್ನು ಯಾರೂ ಕಂಡಿಲ್ಲ. ಪೊಲೀಸ್ ಇಲಾಖೆಯ ದೊಡ್ಡ ಸಾಹೇಬರೊಬ್ಬರು ಒಮ್ಮೆ ತಮ್ಮ ಶೇವರನ್ನು ಡ್ರೈವರ್ ಕೈಯಲ್ಲಿ ಕಳಿಸಿದ್ದರಂತೆ. ಬೈಗುಳವನ್ನು ಡ್ರೈವರ್ ಮೂಲಕ ಮುಟ್ಟಿಸಲು ಆಗುವುದಿಲ್ಲ, ಮಿಷನ್ ಬಳಸುವವರೇ ಬರಲಿ ಎಂದು ಮೇಷ್ಟ್ರು ವಾಪಸ್ ಕಳಿಸಿದರು. ಸಾಹೇಬರು ಬಂದರು. ಸ್ಟೂಲಿನ ಮೇಲೆ ಕೂತು ತಲೆ ತಗ್ಗಿಸಿ ಕೇಳಿಸಿಕೊಂಡೂ ಹೋದರು.

ಬೈಗುಳಕ್ಕೆ ಕಾರಣ ನೂರಕ್ಕೆ ತೊಂಬತ್ತು ಸಲ ಒಂದೇ. ಒಣ ಗಡ್ಡಕ್ಕೆಂದೇ ಮಾಡಿದ ಮಿಷನ್ನಿಗೆ ಜನ ಕೆನ್ನೆ ತುಂಬಾ ಜೆಲ್ ಬಳಿದುಕೊಂಡು, ನೊರೆ ಬಳಿದುಕೊಂಡು ಓಡಿಸುತ್ತಾರೆ. ಜೆಲ್ಲು ಜಾಲರಿಯ ಸಣ್ಣ ತೂತುಗಳಿಂದ ಒಳಗಿಳಿಯುತ್ತದೆ, ಕತ್ತರಿಸಿದ ಕೂದಲಿನ ಪುಡಿಯ ಜೊತೆ ಕಲಸಿಕೊಳ್ಳುತ್ತದೆ, ಎರಡು ದಿನ ಬಿಟ್ಟರೆ ಒಣಗಿ ಗಾರೆಯಂತಾಗುತ್ತದೆ. ಆಮೇಲೆ ಬ್ಲೇಡು ಅಲ್ಲಾಡುವುದಿಲ್ಲ. ಮೋಟರು ಒಂದಿಷ್ಟು ದಿನ ಮುಲುಕುತ್ತದೆ, ಒಂದು ಬೆಳಿಗ್ಗೆ ನಿಂತುಬಿಡುತ್ತದೆ. ಡಬ್ಬದ ಮೇಲೆ ನಲ್ಲಿಯ ಚಿತ್ರ ಇದೆಯಲ್ಲ ಎಂದು ಯಾರಾದರೂ ವಾದಕ್ಕೆ ನಿಂತರೋ, ಅವರ ಕಥೆ ಮುಗಿದ ಹಾಗೆ. ನಲ್ಲಿ ಇದ್ದರೆ ಮಿಷನ್ನಿನ ತಲೆಯನ್ನು ಬಿಚ್ಚಿ ತೊಳೆಯಬಹುದು ಅಂತ ಅರ್ಥ, ಜೆಲ್ ಹಚ್ಚಬಹುದು ಅಂತಲ್ಲ. ಒದ್ದೆ ಮುಖಕ್ಕೆ ಬೇರೆಯೇ ಮಿಷನ್ ಇದೆ, ಅದರ ಮೋಟರಿಗೆ ನೀರು ಹೋಗದ ಹಾಗೆ ರಬ್ಬರ್ ಹಾಕಿರುತ್ತಾರೆ. ಅದಕ್ಕೂ ತೆಳ್ಳಗೆ ಹಚ್ಚಬೇಕೇ ಹೊರತು ಗೋಡೆಗೆ ಸುಣ್ಣ ಬಳಿದ ಹಾಗಲ್ಲ. ಇಷ್ಟನ್ನೂ ಅವರು ಉಸಿರು ತೆಗೆದುಕೊಳ್ಳದೆ ಹೇಳುತ್ತಿದ್ದರು. ಹೇಳುತ್ತಲೇ ಮಿಷನ್ ಬಿಚ್ಚಿ, ಬ್ರಷ್ಷಿನಲ್ಲಿ ಉಜ್ಜಿ, ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದೇ ಒಂದು ಹನಿ ಎಣ್ಣೆ ಬಿಟ್ಟು, ಕಿವಿಯ ಹತ್ತಿರ ಹಿಡಿದು ಓಡಿಸಿ ಕೇಳುತ್ತಿದ್ದರು. ಆ ಸದ್ದು ಸರಿಯಾಗಿ ಬಂದಾಗ ಮಾತ್ರ ಅವರ ಬಾಯಿ ನಿಲ್ಲುತ್ತಿತ್ತು.

ಊರಿಗೆಲ್ಲ ಪಾಠ ಹೇಳುವ ಈ ಮನುಷ್ಯನ ಮಾತನ್ನು ಕಿವಿಗೇ ಹಾಕಿಕೊಳ್ಳದ ಗಿರಾಕಿಯೊಬ್ಬ ಇದ್ದ. ಅವನು ಅವರ ಮಗ.

ಮಗನಿಗೆ ಮೊದಲು ಮೀಸೆ ಚಿಗುರಿದ ವರ್ಷ ಮೇಷ್ಟ್ರು ಮೂರು ಸತ್ತ ಶೇವರ್‌ಗಳಿಂದ ಒಂದೊಂದು ಭಾಗ ತೆಗೆದು ತಾವೇ ಒಂದು ಮಿಷನ್ ಕಟ್ಟಿಕೊಟ್ಟಿದ್ದರು. ಬೂದು ಬಣ್ಣದ ಮೈ, ಕಪ್ಪು ತಲೆ, ಇನ್ನೊಂದು ಕಂಪನಿಯ ಕೆಂಪು ಸ್ವಿಚ್ಚು. ನೋಡಲು ಯಾರದೋ ಅಂಗಿ ಯಾರದೋ ಪ್ಯಾಂಟು ಹಾಕಿಕೊಂಡ ಹುಡುಗನ ಹಾಗಿತ್ತು. ಮಗನಿಗೆ ಅದೆಂದರೆ ಪ್ರಾಣ. ತೊಂದರೆ ಎಲ್ಲಿ ಬಂತೆಂದರೆ, ಹುಡುಗನ ಚರ್ಮ ತಾಯಿಯ ಕಡೆಯದು, ಮುಟ್ಟಿದರೆ ಕೆಂಪಾಗುವಂಥದ್ದು. ಒಣ ಮುಖಕ್ಕೆ ಮಿಷನ್ ತಾಗಿಸಿದರೆ ಕುತ್ತಿಗೆಯೆಲ್ಲ ಗುಳ್ಳೆ ಏಳುತ್ತಿತ್ತು. ಅವನು ಜೆಲ್ ಹಚ್ಚಿಕೊಳ್ಳಲು ಶುರುಮಾಡಿದ. ಬೇರೆ ಮಿಷನ್ ಕೊಡುತ್ತೇನೆ ಅಂದರೆ ಬೇಡ, ನನಗೆ ಇದೇ ಆಗಬೇಕು. ಹಾಗಾದರೆ ಜೆಲ್ ಬಿಡು ಅಂದರೆ ಅದೂ ಆಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಜೆಲ್ ಗಟ್ಟಿಯಾಗಿ ಮಿಷನ್ ಕಟ್ಟಿಕೊಳ್ಳುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಅವನು ಅಂಗಡಿಗೆ ಬಂದು, ಬೇರೆ ಗಿರಾಕಿಗಳ ಸಾಲಿನಲ್ಲೇ ನಿಂತು, ತನ್ನ ಸರದಿ ಬಂದಾಗ ಶೇವರನ್ನು ಕೌಂಟರಿನ ಮೇಲಿಟ್ಟು ಕೈಕಟ್ಟಿ ನಿಲ್ಲುತ್ತಿದ್ದ. ಮೇಷ್ಟ್ರು ಪಾಠ ಶುರುಮಾಡುವ ಮೊದಲೇ ಅದನ್ನು ಅವರದೇ ದನಿಯಲ್ಲಿ, ರಬ್ಬರ್, ಸುಣ್ಣ, ಗೋಡೆ ಎಲ್ಲ ಸೇರಿಸಿ ಒಪ್ಪಿಸಿಬಿಡುತ್ತಿದ್ದ. ಅಂಗಡಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೇಷ್ಟ್ರು ಮೂತಿ ಊದಿಸಿಕೊಂಡು ತೊಳೆದುಕೊಡುತ್ತಿದ್ದರು. ಒಳಗೊಳಗೆ ಅವರಿಗೆ ಎಷ್ಟು ಖುಷಿಯಾಗುತ್ತಿತ್ತು ಅನ್ನುವುದು ಹೆಂಡತಿಗೆ ಮಾತ್ರ ಗೊತ್ತಿತ್ತು.

ಹೆಂಡತಿಯನ್ನು ಬೀದಿಯವರು ಟೈಲರಮ್ಮ ಅನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಗಂಡನ ಬಾಯಿ ಜೋರಾದಷ್ಟೂ ಆಕೆಯ ಮಾತು ಕಡಿಮೆ. ಒಂದು ಮಾತು ಆಡಿದರೆ ಅದನ್ನು ಅಳೆದು, ಕತ್ತರಿಸಿ, ಹೊಲಿದು ಮುಗಿಸಿಯೇ ಆಡುವವರು.

ಕಳೆದ ವರ್ಷ ಒಂದು ಭಾನುವಾರ ಸಂಜೆ ಮಗ ಎಂದಿನಂತೆ ಬಂದ. ಅವನಿಗೆ ಇಪ್ಪತ್ತನಾಲ್ಕು. ಮಾರನೆಯ ದಿನ ಗಡಿಯಾರದ ಶೋರೂಮಿನಲ್ಲಿ ಹೊಸ ಕೆಲಸಕ್ಕೆ ಸೇರುವವನಿದ್ದ. ಅಲ್ಲಿ ಮುಖ ನುಣ್ಣಗಿರಬೇಕು ಅನ್ನುವುದು ಮೊದಲ ನಿಯಮ. ಮೇಷ್ಟ್ರಿಗೆ ಅವತ್ತು ಬೆಳಿಗ್ಗೆಯಿಂದ ತಲೆ ಕೆಟ್ಟಿತ್ತು. ಯಾರೋ ಒಬ್ಬ ಕ್ರೀಮಿನಲ್ಲಿ ಅದ್ದಿದ ಶೇವರ್ ತಂದು ಇವರದೇ ತಪ್ಪು ಎಂದು ಜಗಳ ಆಡಿ ಹೋಗಿದ್ದ. ಅದರ ಬೆನ್ನಿಗೇ ಇವನು ಬಂದು ಪಾಠ ಒಪ್ಪಿಸತೊಡಗಿದಾಗ ಅವರಿಗೆ ನಗು ಬರಲಿಲ್ಲ. ಐದಾರು ಜನರ ಎದುರಿಗೆ ಮಿಷನ್ನನ್ನು ಅವನ ಕಡೆಗೆ ತಳ್ಳಿದರು.

"ನಾನು ಮುಟ್ಟಲ್ಲ. ಜೆಲ್ ಹಚ್ಚೋ ಕೈಗೆ ತೊಳೆಯೋದೂ ಗೊತ್ತಿರ್ಬೇಕು."

"ನಾಳೆ ಹೊಸ ಕೆಲಸ ಅಪ್ಪ. ಇದೊಂದ್ಸಲ ಮಾಡ್ಕೊಡಿ."

ಮುಂದಿನವರು ಬನ್ನಿ ಎಂದರು ಮೇಷ್ಟ್ರು. ಮಗ ನಗುತ್ತಲೇ ಶೇವರ್ ಜೇಬಿಗೆ ಹಾಕಿಕೊಂಡು ಹೋದ. ಅವನಿಗೆ ಬೇಸರವಾಯಿತೋ ಇಲ್ಲವೋ ಅವರು ನೋಡಲಿಲ್ಲ, ಕೈಯಲ್ಲಿ ಬೇರೆಯವರ ಮಿಷನ್ ಇತ್ತು.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಟೀ ಕುಡಿಯುತ್ತಾ ಕೂತಿದ್ದಾಗ ಬಚ್ಚಲಿನಿಂದ ಮೋಟರು ಮುಲುಕುವುದು ಕೇಳಿಸಿತು. ಅದು ಇನ್ನೆಷ್ಟು ನಿಮಿಷ ಓಡುತ್ತದೆ ಅಂತ ಕಿವಿಯಿಂದಲೇ ಲೆಕ್ಕ ಹಾಕಿದರು. ನಿಂತಿತು. ಬುದ್ಧಿ ಬರಲಿ ಎಂದುಕೊಂಡು ಸುಮ್ಮನಿದ್ದರು. ಮಗ ಹೊರಗೆ ಬಂದ. ಬಲಗೆನ್ನೆ ನುಣ್ಣಗೆ, ಎಡಗೆನ್ನೆಯ ಮೇಲೆ ಹಾಗೇ ಜೆಲ್ಲು. ತಾಯಿಗೆ ಅವನ ಅವತಾರ ನೋಡಿ ನಗು ತಡೆಯಲಾಗಲಿಲ್ಲ. ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡು, ಮೂಲೆಯ ಸಲೂನಿನಲ್ಲಿ ಉಳಿದರ್ಧ ಮಾಡಿಸಿಕೊಂಡು ಹತ್ತು ನಿಮಿಷದಲ್ಲಿ ಬಂದುಬಿಡುತ್ತೇನೆ, ಇಸ್ತ್ರಿ ಆಗಿರಲಿ ಎಂದು ಸ್ಕೂಟರ್ ಹತ್ತಿದ. ಬ್ಯಾಂಕಿನ ತಿರುವಿನಲ್ಲಿ ನೀರಿನ ಟ್ಯಾಂಕರ್ ಒಂದು ಹಿಂದಕ್ಕೆ ಬರುತ್ತಿತ್ತು.

ಅಷ್ಟೇ. ಹತ್ತು ನಿಮಿಷವೂ ಆಗಿರಲಿಲ್ಲ. ಆಕೆಯ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇನ್ನೂ ಬಿಸಿಯಾಗಿತ್ತು.

ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿ ಮುಖ ತೋರಿಸಿದರು. ಮುಖಕ್ಕೆ ಏನೂ ಆಗಿರಲಿಲ್ಲ. ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ನಾಲ್ಕು ದಿನದ ಗಡ್ಡ. ಎಡಗಿವಿಯ ಕೆಳಗೆ ಒರೆಸುವಾಗ ಉಳಿದುಹೋದ ಜೆಲ್ ಒಣಗಿ ಬೆಳ್ಳಗೆ ಅಂಟಿತ್ತು. ಮೇಷ್ಟ್ರು ಅದನ್ನೇ ನೋಡುತ್ತಾ ನಿಂತರು. ಕೂಸಿದ್ದಾಗಿನಿಂದ ಎತ್ತಿ ಆಡಿಸಿದ ಮುಖ ಅದು. ಅರ್ಧ ಕೆಲಸ ಬಾಕಿ ಉಳಿದಿರುವುದು ಯಾರಿಂದ ಅಂತ ಆ ಮುಖವೇ ಹೇಳುತ್ತಿತ್ತು.

ಅವತ್ತಿನಿಂದ ಮೇಷ್ಟ್ರು ಒಂದು ಮಾತಿಗಾಗಿ ಕಾದರು. ನೀವು ಅದನ್ನು ತೊಳೆದುಕೊಟ್ಟಿದ್ದರೆ ಅವನು ಹೊರಗೆ ಹೋಗುತ್ತಿರಲಿಲ್ಲ ಅನ್ನುವ ಮಾತು. ಟೈಲರಮ್ಮ ಅದನ್ನು ಆಡಲಿಲ್ಲ. ಮಣ್ಣು ಮಾಡಿ ಬಂದ ದಿನ ಆಡಲಿಲ್ಲ, ನೆಂಟರೆಲ್ಲ ಹೊರಟುಹೋಗಿ ಮನೆ ಬಿಕೋ ಅನ್ನತೊಡಗಿದಾಗಲೂ ಆಡಲಿಲ್ಲ. ಗ್ಯಾಸ್ ಮುಗಿಯಿತು ಅನ್ನುತ್ತಿದ್ದರು, ದಾರ ತನ್ನಿ ಅನ್ನುತ್ತಿದ್ದರು, ಊಟಕ್ಕೆ ಏಳಿ ಅನ್ನುತ್ತಿದ್ದರು. ಪ್ರತಿ ಸಲ ಆಕೆ ಬಾಯಿ ತೆರೆದಾಗಲೂ ಮೇಷ್ಟ್ರಿಗೆ ಜೀವ ಬಾಯಿಗೆ ಬಂದಂತಾಗುತ್ತಿತ್ತು. ಅಂದುಬಿಟ್ಟರೆ ಸಾಕು, ಒಂದು ಸಲ ಅಂದು, ಎದೆ ಬಿರಿಯುವ ಹಾಗೆ ಬೈದು ಮುಗಿಸಿಬಿಡಲಿ ಎಂದು ಎಷ್ಟೋ ಸಲ ಅನ್ನಿಸಿತು. ತಾವಾಗಿ ಕೇಳುವ ಧೈರ್ಯ ಮಾತ್ರ ಆಗಲಿಲ್ಲ. ಹನ್ನೊಂದು ತಿಂಗಳು ಹೀಗೇ ಹೋಯಿತು.

ಅಂಗಡಿಯಲ್ಲಿ ಬೈಗುಳ ನಿಂತುಹೋಯಿತು. ನೊರೆಯಲ್ಲಿ ಮುಳುಗಿಸಿದ ಮಿಷನ್ ತಂದಿಟ್ಟರೂ ಮೇಷ್ಟ್ರು ತುಟಿ ಬಿಚ್ಚುತ್ತಿರಲಿಲ್ಲ. ಹಳೆಯ ಗಿರಾಕಿಗಳು, ಮೇಷ್ಟ್ರೇ, ಇದನ್ನ ನಾನೇ ಜೆಲ್ ಹಚ್ಚಿ ಹಾಳುಮಾಡಿದೆ ಎಂದು ತಾವಾಗಿಯೇ ಬಾಯಿಬಿಟ್ಟು ಕೆಣಕಿ ನೋಡುತ್ತಿದ್ದರು, ಪಾಪ. ಆಗಲಿ ಬಿಡಿ, ತೊಳೆದುಕೊಡುತ್ತೇನೆ ಅನ್ನುತ್ತಿದ್ದರು ಅವರು. ಇಡೀ ಊರಿನ ಗಡ್ಡದ ಮಿಷನ್‌ಗಳನ್ನು ಬಂದ ದಿನವೇ ತೊಳೆದುಕೊಟ್ಟರು. ಒಂದನ್ನೂ ನಾಳೆಗೆ ಉಳಿಸಲಿಲ್ಲ.

ಮಗನ ಶೇವರ್ ಏನಾಯಿತು ಅಂತ ಅವರಿಗೆ ಗೊತ್ತಿರಲಿಲ್ಲ. ಬಚ್ಚಲಿನ ಕಿಟಕಿಯ ಮೇಲೆ ಒಂದು ವಾರ ಇತ್ತು, ಆಮೇಲೆ ಕಾಣಲಿಲ್ಲ. ಬಿಸಾಡಿರಬೇಕು, ಅದನ್ನು ನೋಡುವುದಕ್ಕೆ ಅವಳಿಗಾದರೂ ಹೇಗೆ ಸಾಧ್ಯ ಎಂದುಕೊಂಡಿದ್ದರು. ಮಧ್ಯಾಹ್ನವಾದರೆ ಆಕೆ ಹೊಲಿಗೆ ನಿಲ್ಲಿಸಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ ಅಂತ ಬೀದಿಯವರು ಹೇಳಿದಾಗಲೂ, ಮಲಗುತ್ತಿರಬೇಕು ಎಂದುಕೊಂಡು ಬಿಟ್ಟಿದ್ದರು.

ಮೊನ್ನೆ ಗುರುವಾರ ಟೈಲರಮ್ಮ ಹುಷಾರಿಲ್ಲದ ತಂಗಿಯನ್ನು ನೋಡಿಕೊಂಡು ಬರಲು ಎರಡು ದಿನಕ್ಕೆಂದು ಹೋದರು. ಮೇಷ್ಟ್ರು ಅಂಗಡಿಗೆ ಹಾಕಿಕೊಳ್ಳಲು ಅಂಗಿ ಹುಡುಕುತ್ತಾ ಆಕೆಯ ಕಪಾಟು ತೆಗೆದರು. ಒಳಗೆ ಮಗನ ಹೊಸ ಅಂಗಿ, ಅವತ್ತು ಇಸ್ತ್ರಿ ಮಾಡಿದ್ದು, ಮಡಿಕೆ ಮುರಿಯದೆ ಹಾಗೇ ಇತ್ತು. ಅದರ ಜೇಬು ಉಬ್ಬಿತ್ತು. ಜೇಬಿನೊಳಗೆ ಬಿಳಿ ಬಟ್ಟೆಯ ಸಣ್ಣ ಚೀಲ, ಅಂಚಿಗೆ ಎರಡು ಸುತ್ತು ಹೊಲಿಗೆ ಹಾಕಿದ್ದು. ಚೀಲದೊಳಗೆ ಆ ಶೇವರ್.

ಮೇಷ್ಟ್ರು ಅದನ್ನು ಹೊರಗೆ ತೆಗೆದರು. ಮಂಚದ ಮೇಲೆ ಕೂತು ಕೆಂಪು ಸ್ವಿಚ್ ಒತ್ತಿದರು. ಸದ್ದೇ ಇಲ್ಲ. ತಲೆ ತೆಗೆದು ನೋಡಿದರು. ಒಳಗೆಲ್ಲ ಒಣಗಿದ ಜೆಲ್ಲು, ಅದರಲ್ಲಿ ಸಿಕ್ಕಿಕೊಂಡ ಕಪ್ಪು ಪುಡಿ. ಅವರಿಗೆ ಬೇರೇನೂ ಹೊಳೆಯಲಿಲ್ಲ ನೋಡಿ. ಮೂವತ್ತೊಂದು ವರ್ಷದಿಂದ ಅದೇ ಕೆಲಸ ಮಾಡಿದ ಕೈ, ಕಟ್ಟಿಕೊಂಡ ಮಿಷನ್ ಕಂಡರೆ ತೊಳೆಯಬೇಕು ಅಂತ ಮಾತ್ರ ಗೊತ್ತಿರುವ ಕೈ. ಇದೊಂದ್ಸಲ ಅಂತ ಮಗ ಕೇಳಿದ್ದನಲ್ಲ, ಆ ಒಂದು ಸಲ ಈಗ ಸಿಕ್ಕಿತು ಅನ್ನಿಸಿತು. ಹೆಂಡತಿ ಅದನ್ನು ತೊಳೆಯದೆ ಹಾಗೇ ಜೋಪಾನ ಮಾಡಿರುವುದು ತನ್ನ ತಪ್ಪಿನ ಸಾಕ್ಷಿಗಾಗಿ ಅಂತಲೂ ಅನ್ನಿಸಿತು. ತೊಳೆದು, ಓಡುವ ಹಾಗೆ ಮಾಡಿ ಅವಳ ಕೈಗೆ ಕೊಟ್ಟರೆ ಬಹುಶಃ ಅವಳು ಆ ಮಾತು ಆಡಿಯಾಳು. ಇಲ್ಲವೇ ಆಡುವ ಅಗತ್ಯವೇ ಬೀಳಲಿಕ್ಕಿಲ್ಲ.

ಅವತ್ತು ಅಂಗಡಿ ಅರ್ಧ ಬಾಗಿಲು ಹಾಕಿಕೊಂಡು ಕೂತರು. ಅಷ್ಟು ನಿಗಾ ಇಟ್ಟು ಅವರು ಯಾವ ಮಿಷನ್ನನ್ನೂ ತೊಳೆದವರಲ್ಲ. ಜಾಲರಿಯನ್ನು ಬಿಸಿನೀರಿನಲ್ಲಿ ಮೂರು ಸಲ ಅದ್ದಿದರು. ಬ್ಲೇಡಿನ ಸಂದು ಸಂದನ್ನೂ ಬ್ರಷ್ಷಿನಲ್ಲಿ ಬಿಡಿಸಿದರು. ಬ್ಲೇಡನ್ನು ಆಡಿಸುವ, ಮೊಳೆಯಷ್ಟು ಸಣ್ಣ ಕಡ್ಡಿಯ ಸುತ್ತ ಗಟ್ಟಿಯಾಗಿದ್ದದ್ದನ್ನು ಸೂಜಿಯಿಂದ ಕೆರೆದರು. ಎಲ್ಲವನ್ನೂ ನಲ್ಲಿಯ ಕೆಳಗೆ ಹಿಡಿದು, ನೀರು ತಿಳಿಯಾಗಿ ಬರುವ ತನಕ ಬಿಟ್ಟರು. ಒರೆಸಿ ಜೋಡಿಸಿ, ಎಣ್ಣೆ ಬಿಟ್ಟು, ಒಂದು ಗಂಟೆ ಚಾರ್ಜಿಗೆ ಹಾಕಿ, ಸ್ವಿಚ್ ಒತ್ತಿ ಕಿವಿಗೆ ಹಿಡಿದಾಗ ಓಡಿತು. ಮಗ ಬಚ್ಚಲಿನಲ್ಲಿದ್ದಾಗ ಬರುತ್ತಿದ್ದ ಸದ್ದೇ. ಮೇಷ್ಟ್ರು ಕೌಂಟರಿಗೆ ಹಣೆ ಹಚ್ಚಿ ಅತ್ತರು, ಅತ್ತ ಮೇಲೆ ಹಗುರವೂ ಆಯಿತು.

ಶನಿವಾರ ಸಂಜೆ ಟೈಲರಮ್ಮ ಬಂದರು. ಚೀಲ ಇಳಿಸಿ ನೀರು ಕುಡಿಯುವುದಕ್ಕೂ ಬಿಡದೆ ಮೇಷ್ಟ್ರು ಒಳಗಿನಿಂದ ಶೇವರ್ ತಂದು ಆಕೆಯ ಅಂಗೈಯಲ್ಲಿಟ್ಟು ಸ್ವಿಚ್ ಒತ್ತಿದರು. ಸದ್ದಿಗೆ ಆಕೆ ಬಚ್ಚಲಿನ ಕಡೆ ತಿರುಗಿ ನೋಡಿದರು. ಒಂದು ಕ್ಷಣ ಮುಖ ಅರಳಿತು. ಆಮೇಲೆ ಕೈಯಲ್ಲಿದ್ದದ್ದು ಏನೆಂದು ಗೊತ್ತಾಯಿತು. ಆರಿಸಿದರು. ಬಹಳ ಅಭ್ಯಾಸವಿದ್ದವರ ಹಾಗೆ ಹೆಬ್ಬೆರಳಿನಿಂದ ತಲೆಯನ್ನು ಬಿಚ್ಚಿ ಒಳಗೆ ನೋಡಿದರು. ಫಳಫಳ ಹೊಳೆಯುತ್ತಿತ್ತು. ಮೂಗಿನ ಹತ್ತಿರ ತಂದು ಮೂಸಿದರು. ಎಣ್ಣೆ ವಾಸನೆ.

"ಒಳಗಿದ್ದದ್ದು ಎಲ್ಲಿ?" ಎಂದು ಕೇಳಿದರು.

ಆಗ, ಆಗ ಹೊಳೆಯಿತು ಮೇಷ್ಟ್ರಿಗೆ. ಆಕೆ ಇಟ್ಟುಕೊಂಡದ್ದು ಮಿಷನ್ನನ್ನಲ್ಲ. ಹನ್ನೊಂದು ತಿಂಗಳಿಂದ ಪ್ರತಿ ಮಧ್ಯಾಹ್ನ, ಹೊಲಿಗೆ ನಿಲ್ಲಿಸಿ, ಬಾಗಿಲು ಮುಂದೆ ಮಾಡಿಕೊಂಡು ಆಕೆ ಅದರ ತಲೆ ಬಿಚ್ಚಿ ನೋಡುತ್ತಿದ್ದದ್ದು ಮಗನನ್ನು. ಅವನ ಕೆನ್ನೆಯ ಕೂದಲು, ಅವನ ಜೆಲ್ಲಿನ ವಾಸನೆ. ಉಳಿದದ್ದೆಲ್ಲ ಮಣ್ಣಿಗೆ ಹೋಗಿ, ಆಕೆಗೆ ಉಳಿದದ್ದು ಒಂದು ಕೆನ್ನೆಯ ಗಡ್ಡ ಮಾತ್ರ. ಅದನ್ನು ಇವರು ನೀರು ತಿಳಿಯಾಗುವ ತನಕ ತೊಳೆದಿದ್ದರು.

"ಅಂಗಡಿ ಸಿಂಕಲ್ಲಿ," ಎಂದರು ಮೇಷ್ಟ್ರು.

ಟೈಲರಮ್ಮ ಕಳಚಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡು ಹೊರಟರು. ಮೇಷ್ಟ್ರು ಹಿಂದೆಯೇ ಓಡಿದರು. ದಾರಿಯಲ್ಲಿ ಯಾರೋ ಮಾತಾಡಿಸಿದರು, ಇಬ್ಬರೂ ನಿಲ್ಲಲಿಲ್ಲ. ಅಂಗಡಿಯ ಸಿಂಕಿನ ಕೆಳಗೆ, ಕೂದಲಿನಿಂದ ಚರಂಡಿ ಕಟ್ಟಿಕೊಳ್ಳದಿರಲೆಂದು ಮೇಷ್ಟ್ರೇ ಹಾಕಿಸಿದ್ದ ತಿರುಗಿಸಿ ಬಿಚ್ಚುವ ಪ್ಲಾಸ್ಟಿಕ್ ಬಟ್ಟಲು ಇತ್ತು. ಅದನ್ನು ನೆನೆಸಿಕೊಂಡು ಅವರಿಗೆ ದಾರಿಯುದ್ದಕ್ಕೂ ಸಣ್ಣ ಆಸೆ. ಮಂಡಿಯೂರಿ ಬಿಚ್ಚಿ, ಹಳೆಯ ಪೇಪರಿನ ಮೇಲೆ ಸುರಿದರು.

ಮುದ್ದೆ ಮುದ್ದೆಯಾಗಿ ಬಂತು. ಗುರುವಾರದಿಂದೀಚೆಗೆ ಹತ್ತು ಹನ್ನೆರಡು ಮಿಷನ್ ಅದೇ ಸಿಂಕಿನಲ್ಲಿ ತೊಳೆದಿದ್ದರು, ಅದಕ್ಕೆ ಮೊದಲು ಎಷ್ಟೋ. ಬಿಳಿ ಗಡ್ಡ, ಕರಿ ಗಡ್ಡ, ಕಂದು ಗಡ್ಡ, ಇಡೀ ಊರೇ ಅಲ್ಲಿ ಕಲಸಿಕೊಂಡು ಬಿದ್ದಿತ್ತು. ಎಲ್ಲದಕ್ಕೂ ಜೆಲ್ಲು ಮೆತ್ತಿತ್ತು. ಮೇಷ್ಟ್ರು ಅದನ್ನು ಎರಡು ಕೈಯಲ್ಲೂ ಬಿಡಿಸಿ ಬಿಡಿಸಿ ನೋಡಿದರು. ಕಪ್ಪಗಿರುವ ಒಂದು ಚಿಟಿಕೆ ಬೇರೆ ಮಾಡಿ ಅಂಗೈಯಲ್ಲಿಟ್ಟುಕೊಂಡರು. ಇದು ಅವನದೇ ಎಂದು ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಆಕೆ ನಂಬುತ್ತಿದ್ದರು. ಆ ಊರಿನಲ್ಲಿ ಗಡ್ಡದ ವಿಷಯದಲ್ಲಿ ಅವರ ಮಾತಿಗೆ ಎದುರಿರಲಿಲ್ಲ.

ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದ ಟೈಲರಮ್ಮ ಬಗ್ಗಿ ನೋಡಿದರು. "ಇದ್ರಲ್ಲಿ ಅವನದು ಯಾವ್ದು?"

ಮೇಷ್ಟ್ರು ಅಂಗೈ ನೋಡಿದರು, ಹೆಂಡತಿಯ ಮುಖ ನೋಡಿದರು.

"ಗೊತ್ತಾಗ್ತಿಲ್ಲ ಕಣೇ."

ಪಕ್ಕದ ಝೆರಾಕ್ಸ್ ಅಂಗಡಿಯ ಶಟರ್ ಎಳೆದ ಸದ್ದಾಯಿತು. ಆಮೇಲೆ ಟೈಲರಮ್ಮ ಮಾತಾಡಿದರು, ಮೆಲ್ಲಗೆ, ಬೈಯುವ ದನಿಯೇ ಅಲ್ಲ.

"ಅವನು ಬಂದು ಕೇಳ್ದಾಗ ಮುಟ್ಟಲ್ಲ ಅಂದ್ರಿ. ಈಗ ಯಾರು ಕೇಳಿದ್ರು ಅಂತ ತೊಳೆದ್ರಿ?"

ಹನ್ನೊಂದು ತಿಂಗಳು ಕಾದ ಮಾತು ಬಂದಿತ್ತು. ಬಂದರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದರು ಮೇಷ್ಟ್ರು. ಏನೂ ಇಳಿಯಲಿಲ್ಲ. ನೆಲದ ಮೇಲೆ ಕೂತಲ್ಲೇ ಬಾಯಿ ತೆರೆದುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತರು. ಎರಡೂ ಕೈ ಕೊಳೆಯಾಗಿದ್ದರಿಂದ ಕಣ್ಣು ಒರೆಸಿಕೊಳ್ಳುವುದಕ್ಕೂ ಆಗಲಿಲ್ಲ.

ಟೈಲರಮ್ಮ ಅಳಲಿಲ್ಲ. ಎದ್ದು, ಸಿಂಕಿನ ಪಕ್ಕದ ಬಕೆಟ್ಟಿನಿಂದ ಒಂದು ಮಗ್ಗು ನೀರು ತುಂಬಿಕೊಂಡು ಬಂದು ಗಂಡನ ಮುಂದೆ ಬಗ್ಗಿದರು. ಕೈ ಒಡ್ಡಿ, ತೊಳೆದುಕೊಂಡು ಮನೆಗೆ ಹೋಗೋಣ ಎಂದರು. ಮೇಷ್ಟ್ರು ಕೈ ಒಡ್ಡಿದರು. ಅಂಗೈಯ ಗೆರೆಗಳಲ್ಲಿ, ಉಗುರಿನ ಸಂದಿನಲ್ಲಿ ಎಲ್ಲ ಸಣ್ಣ ಸಣ್ಣ ಕಪ್ಪು ಕೂದಲು ಅಂಟಿಕೊಂಡಿದ್ದವು. ಮಗ್ಗು ವಾಲಿತು. ನೀರು ಬೀಳುವ ಮೊದಲೇ ಮೇಷ್ಟ್ರು ಎರಡೂ ಕೈಯನ್ನು ಎದೆಗೆ ಎಳೆದುಕೊಂಡರು.

"ಬೇಡ ಕಣೇ. ಇದ್ರಲ್ಲಿ ಇದ್ರೆ?"

ಆಕೆ ಮಗ್ಗು ಹಿಡಿದುಕೊಂಡು ಹಾಗೇ ನಿಂತರು. ಆಮೇಲೆ ನೀರನ್ನು ಮತ್ತೆ ಬಕೆಟ್ಟಿಗೆ ಸುರಿದು, ಅಂಗಡಿಯ ದೀಪ ಆರಿಸಿ, ಬೀಗದ ಕೈಗಾಗಿ ಗಂಡನ ಜೇಬಿಗೆ ತಾವೇ ಕೈ ಹಾಕಿದರು. ಮನೆ ಮುಟ್ಟುವವರೆಗೂ ಮೇಷ್ಟ್ರು ಮುಷ್ಟಿ ಬಿಚ್ಚಲಿಲ್ಲ.